ಗೋಲ್‌ಕೀಪರನ ಬಿಡುಗಡೆ

ಬಸವಕಲ್ಯಾಣದಲ್ಲಿ ಫುಟ್‌ಬಾಲ್ ಆಡುವವರು ಹನ್ನೊಂದು ಜನ, ಆಡಿಸುವವರು ಇಡೀ ಊರು. ಆ ಊರು ಭಾನುವಾರ ಬೆಳಗ್ಗೆ ಕೂಡುವುದು ಗುಲಾಮ್ ರಸೂಲನ ಚಾ ಹೋಟೆಲಿನಲ್ಲಿ. ಅಲ್ಲಿ ಕೂತವರಲ್ಲಿ ಚೆಂಡಿಗೆ ಕಾಲು ತಾಗಿಸಿದವರು ಕಡಿಮೆ. ಆದರೆ ಯಾರನ್ನು ಟೀಮಿನಲ್ಲಿ ಇಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು, ಯಾವ ಊರಿನ ಹುಡುಗ ಈ ಸಲ ಯಾವ ಟೀಮಿಗೂ ಮಾತು ಕೊಡದೆ ಖಾಲಿ ಕೂತಿದ್ದಾನೆ ಅನ್ನುವುದೆಲ್ಲ ಅವರಿಗೆ ತಮ್ಮ ಹೆಂಡತಿಯ ತವರಿನ ಸುದ್ದಿಗಿಂತ ಚೆನ್ನಾಗಿ ಗೊತ್ತು.

"ಆ ದುಬಲಗುಂಡಿ ಹುಡುಗನಿಗಿ ತಗೋರಿ," ಎಂದ ವೆಲ್ಡಿಂಗ್ ಅಂಗಡಿಯ ಗೌಸ. "ಎಡಗಾಲಿಂದ ಹೊಡದ್ನಂದ್ರ ಚೆಂಡೇ ಕಾಣ್ಸಂಗಿಲ್ಲ."

"ಹ್ಯಾಂಗ ಕಾಣ್ತದ? ಗೋಲಿನ ಮ್ಯಾಲಿಂದ ಹಾರಿ ತೊಗರಿ ಹೊಲದಾಗ ಬೀಳ್ತದ," ಎಂದ ದರ್ಜಿ ಅಂಬಾದಾಸ.

"ಹಂಗಾರ ಕುನಾಲಗ ತರ್ರಿ. ಉದಗೀರ ಟೀಮ್‌ನವರು ಬಿಟ್ಟಾರಂತ. ಖಾಲಿ ಅದಾನ."

"ಕುನಾಲ ಗೋಲ್‌ಕೀಪರ್ ಅದಾನಲೇ. ನಮ್ಮ ಗೋಲಿನ್ಯಾಗ ವಸೀಮ್ ಇಲ್ಲೇನು? ಇಬ್ಬರಿಗೂ ನಿಲ್ಸಿ ಮದಿವಿ ಫೋಟೋ ತೆಗಸ್ತಿ ಏನು?"

ಎಲ್ಲರೂ ನಕ್ಕರು. ಮೂಲೆಯ ಬೆಂಚಿನಲ್ಲಿದ್ದ ವಸೀಮನೂ ನಕ್ಕ, ಸ್ವಲ್ಪವೇ ನಕ್ಕ. ಜೋರಾಗಿ ನಕ್ಕರೆ ಕೆಮ್ಮು ಬರುತ್ತಿತ್ತು. ಅವನ ಎದುರಿಗೇ, ಅವನು ಅಲ್ಲಿ ಇಲ್ಲವೇ ಇಲ್ಲವೆಂಬಂತೆ ಅವನ ಬಗ್ಗೆ ಮಾತಾಡುವುದು ಆ ಹೋಟೆಲಿನ ರೂಢಿ. ಸಂತೆಯಲ್ಲಿ ಎತ್ತಿನ ಹಲ್ಲು ಎಣಿಸುವವರು ಎತ್ತನ್ನು ಏನಾದರೂ ಕೇಳುತ್ತಾರೆಯೇ?

ಈ ಟೀಮಿಗೆ ಕಿಲ್ಲಾ ಟೀಮು ಎಂದು ಹೆಸರು. ಇದರಲ್ಲಿ ಕಾಗದದ ಕರಾರು ಇಲ್ಲ, ಬಶಿ ಇದೆ. ಆಟಗಾರನನ್ನು ಹೋಟೆಲಿಗೆ ಕರೆದು ಒಂದೇ ಒಂದು ಚಾ ತರಿಸುತ್ತಾರೆ. ಟೀಮಿನ ಹಿರಿಯ ಅದರಲ್ಲಿ ಅರ್ಧವನ್ನು ಬಶಿಗೆ ಸುರಿದು ಆಟಗಾರನ ಕೈಗೆ ಕೊಡುತ್ತಾನೆ, ಕಪ್ಪಿನಲ್ಲಿ ಉಳಿದದ್ದನ್ನು ತಾನು ಕುಡಿಯುತ್ತಾನೆ. ಅಲ್ಲಿಗೆ ಅವನು ಕಿಲ್ಲಾ ಟೀಮಿನವನಾದ. ವರ್ಷ ಗಿರ್ಷ ಎಂಬ ಲೆಕ್ಕವಿಲ್ಲ. ಬಿಟ್ಟುಹೋಗಬೇಕೆಂದರೆ ಅದೇ ಹಿರಿಯ, ಅದೇ ಹೋಟೆಲಿನಲ್ಲಿ, ಮಂದಿ ನೋಡುತ್ತಿರುವಾಗ ಖಾಲಿ ಕಪ್ಪನ್ನು ಬೋರಲು ಹಾಕಬೇಕು. ಆಮೇಲೆ ಯಾವ ಊರಿಗಾದರೂ ಹೋಗಲಿ. ಈ ಕಟ್ಟಳೆಯನ್ನು ಹುಮನಾಬಾದಿನವರೂ ಭಾಲ್ಕಿಯವರೂ ಮಾನ್ಯ ಮಾಡುತ್ತಾರೆ. ಬಶಿ ಕುಡಿದವನನ್ನು ಯಾವ ಟೀಮೂ ಮುಟ್ಟುವುದಿಲ್ಲ.

ವಸೀಮನಿಗೆ ಬಶಿ ಕೊಟ್ಟವರು ಸೈಕಲ್ ಅಂಗಡಿಯ ಲಾಲ್ ಅಹ್ಮದ್, ಊರಿಗೆಲ್ಲ ಲಾಲ್ ಚಾಚಾ. ಈ ಸಲದ ಮಳೆ ಶುರುವಾಗುವ ಮುಂಚೆ ಲಾಲ್ ಚಾಚಾ ತೀರಿಕೊಂಡರು. ಅವರ ಜಾಗಕ್ಕೆ ಅಂಬಾದಾಸ ಬಂದ. ಆದರೆ ಸತ್ತವರ ಕಪ್ಪನ್ನು ಯಾರು ಬೋರಲು ಹಾಕಬೇಕು ಎಂಬ ಪ್ರಶ್ನೆ ಊರಲ್ಲಿ ಹುಟ್ಟಿರಲಿಲ್ಲ, ಯಾಕೆಂದರೆ ಬಿಟ್ಟುಹೋಗುತ್ತೇನೆಂದು ಯಾರೂ ಕೇಳಿರಲಿಲ್ಲ. ಇವತ್ತು ಕೇಳಬೇಕೆಂದು ವಸೀಮ್ ಬಂದಿದ್ದ.

ಕಾರಣ ಹುಮನಾಬಾದಿನಲ್ಲಿತ್ತು. ಅಲ್ಲಿನ ಔಷಧ ಕಾರ್ಖಾನೆಯೊಂದರ ಪೌಡರ್ ಸೆಕ್ಷನ್ನಿನಲ್ಲಿ ಅವನ ಕೆಲಸ. ಬೀಸಿದ ಪುಡಿಯನ್ನು ಡ್ರಮ್ಮಿಗೆ ತುಂಬುವುದು. ಬಾಗಿಲು ಮುಚ್ಚಿದ ಕೋಣೆ. ಮೂಗಿಗೆ ಕಟ್ಟಿದ ಮಾಸ್ಕಿನೊಳಗೂ ಪುಡಿ ಹೋಗುತ್ತಿತ್ತು. ಮನೆಯಲ್ಲಿ ಹೆಂಡತಿ ನೂರೀನ್ ಅವನ ಅಂಗಿ ಹಿಂಡಿದರೆ ನೀರು ಅಕ್ಕಿ ತೊಳೆದ ಹಾಗೆ ಬೆಳ್ಳಗಾಗುತ್ತಿತ್ತು. "ಅಂಗಿ ಇಷ್ಟ ಕುಡದದಂದ್ರ ನೀವೆಷ್ಟ ಕುಡದಿರಬೇಕ್ರಿ," ಎಂದು ಆಕೆ ಒಮ್ಮೆ ಅಂದವಳು ಮತ್ತೆ ಅನ್ನಲಿಲ್ಲ. ಆದರೆ ಬಟ್ಟೆ ಒಗೆಯುವಾಗ ಅವನನ್ನು ಕರೆದು ಬಕೆಟ್ಟು ತೋರಿಸುತ್ತಿದ್ದಳು.

ಆ ಕಾರ್ಖಾನೆಯ ಶಿಫ್ಟ್ ಇನ್‌ಚಾರ್ಜ್ ಅನೀಲಕುಮಾರ ಹುಮನಾಬಾದಿನ ಹೈವೇ ಟೀಮನ್ನು ನಡೆಸುವವನು. ಹೋದ ವಾರ ಕ್ಯಾಂಟೀನಿನಲ್ಲಿ ವಸೀಮನ ಎದುರು ಬಂದು ಕೂತ.

"ನಮ್ಮ ಗೋಲಿಗಿ ಬಾರೋ. ನಿನಗ ಪ್ಯಾಕಿಂಗ್‌ಗಿ ಹಾಕ್ತೀನಿ. ಎಸಿ ಅದ, ಕುಂತು ಮಾಡೂ ಕೆಲಸ. ನನ್ನ ಪ್ಲೇಯರ್ ಪೌಡರ್ ತಿನ್ನೂದು ನನಗೂ ಬ್ಯಾಡಾಗ್ಯಾದ."

"ಬಶಿ ಕುಡದೀನ್ರಿ ಸರ್."

"ಅದಕ್ಕೇ ಹೇಳಾಕತ್ತೀನಿ, ಬಿಡಸ್ಕೊಂಡು ಬಾ. ಕದ್ದು ತಂದೀನಿ ಅಂದ್ರ ನಿಮ್ಮೂರ ಮಂದಿ ನನ್ನ ಗ್ರೌಂಡಿಗೇ ಬಂದು ಕುಂದರ್ತಾರ. ಟೀಮಿನ್ಯಾಗ ಯಾರ್ಯಾರು ಅಂತ ಸೋಮವಾರ ನಾ ಹೆಸರು ಕೊಡಬೇಕಾಗ್ಯಾದ."

ವಸೀಮ್ ಆ ಹೊತ್ತಿನಲ್ಲಿ ಬಂದ ಕೆಮ್ಮನ್ನು ನೀರು ಕುಡಿದು ನುಂಗಿದ್ದ. ಅಲ್ಲೇ ಇತ್ತು ಅವನ ತೊಡಕು. ಎದೆ ಕೆಟ್ಟಿದೆ, ಅದಕ್ಕೇ ಪೌಡರಿನಿಂದ ಹೊರಬೀಳಬೇಕು ಎಂದು ಊರಿನಲ್ಲಿ ಹೇಳಿದರೆ ಊರು ಅವತ್ತೇ ಬಿಡುತ್ತಿತ್ತು. ಆದರೆ ಕೆಮ್ಮುವ ಗೋಲ್‌ಕೀಪರನನ್ನು ಅನೀಲಕುಮಾರ ಯಾಕೆ ಕರೆದುಕೊಂಡಾನು? ಕಲ್ಯಾಣದಲ್ಲಿ ಆಡಿದ ಮಾತು ಹುಮನಾಬಾದಿಗೆ ಹೋಗಲು ಬಸ್ಸು ಕಾಯುವುದಿಲ್ಲ. ಹಾಗಾಗಿ ಕಾರಣ ಹೇಳದೆ ಬಿಡಿಸಿಕೊಳ್ಳಬೇಕು. ಕಾರಣ ಹೇಳದೆ ಬಿಟ್ಟುಹೋಗುವವನನ್ನು ಊರು ಏನೆನ್ನುತ್ತದೆ ಎಂಬುದೂ ಅವನಿಗೆ ಗೊತ್ತಿತ್ತು.

"ಅಂಬಾದಾಸ ಕಾಕಾ," ಎಂದ, ನಗು ತಣ್ಣಗಾದ ಮೇಲೆ. "ನನಗ ಬಿಡ್ರಿ. ಹೈವೇ ಟೀಮಿಗಿ ಹೋಗ್ತೀನಿ."

ಗುಲಾಮ್ ರಸೂಲ್ ಚಾ ಸೋಸುವುದನ್ನು ನಿಲ್ಲಿಸಿದ.

"ಯಾಕ?" ಎಂದ ಅಂಬಾದಾಸ.

"ಸುಮ್ನೆ."

"ಸುಮ್ನೆ ಅಂತ ಯಾರಾರ ಮಾವಶಿ ಮನಿಗಿ ಹೋಗ್ತಾರ. ಹೈವೇ ಟೀಮಿಗಿ ಹೋಗಂಗಿಲ್ಲ."

"ಅಲ್ಲಿ ಗೋಲಿಗಿ ನೆಟ್ ಅದಲ್ಲ ಕಾಕಾ," ಎಂದ ಗೌಸ. "ನಮ್ಮಲ್ಲಿ ಚೆಂಡ್ ಹಿಂದ ಹೋದ್ರ ನಾಲಿ ದಾಟಿ ತರಬೇಕು. ಸಾಹೇಬರಿಗಿ ಈಗ ನಾಲಿ ವಾಸನಿ ಬರಾಕತ್ತದ."

"ನೂರೀನಳ ತವರು ಹುಮನಾಬಾದ್ ಇಲ್ಲೇನು? ಅತ್ತಿ ಮನಿ ಬಿರ್ಯಾನಿ ಜೋರ್ ಇರಬೇಕು," ಎಂದ ಇನ್ನೊಬ್ಬ.

ವಸೀಮ್ ನೆಲ ನೋಡಿದ. ಒಂದೇ ಒಂದು ಮಾತು ಬಾಯಿತನಕ ಬಂದು ನಿಂತಿತ್ತು. ಅದನ್ನು ಆಡಿದರೆ ಈ ಮಂದಿಯೆಲ್ಲ ಎದ್ದು ಬಂದು ಅಪ್ಪಿಕೊಳ್ಳುತ್ತಿದ್ದರು. ಅದಕ್ಕೇ ಆಡುವಂತಿರಲಿಲ್ಲ.

ಅಂಬಾದಾಸ ಗಲ್ಲ ಕೆರೆದುಕೊಂಡ. ಅವನು ಕೆಟ್ಟವನಲ್ಲ, ಕಟ್ಟಳೆಯವನು. ಬಟ್ಟೆಯನ್ನು ಅಳೆದು ಅಳೆದು ಮಾತನ್ನೂ ಅಳೆಯುವ ಚಟ ಬಿದ್ದಿತ್ತು. "ನಾ ಬಿಡ್ತೀನಿ ಅಂದ್ರೂ ಬಿಡಾಕ ಬರಂಗಿಲ್ಲಪಾ," ಎಂದ. "ನೀ ಕುಡದಿದ್ದು ಲಾಲ್ ಚಾಚಾನ ಬಶಿ. ಅವರ ಕಪ್ ನಾ ಹ್ಯಾಂಗ ಬೋರಲ ಹಾಕ್ಲಿ?"

"ಅವರು ಹೋದ್ರು. ಕರಾರೂ ಹೋಯ್ತು," ಎಂದರು ಕೆಲವರು.

"ಕರಾರ್ ಹೋಗಂಗಿಲ್ಲ. ಬಿಡಸೂ ಕೈ ಹೋಯ್ತು. ಈಗ ಅದು ಗಟ್ಟಿ," ಎಂದರು ಹಲವರು. ಹೀಗೆ ಹೋಟೆಲು ಎರಡು ಭಾಗವಾಗಿ, ಹುಮನಾಬಾದಿನವರ ಜೊತೆ ಆಡುವಾಗಲೂ ಇಲ್ಲದ ಜೋರಿನಲ್ಲಿ ವಾದಕ್ಕೆ ಬಿತ್ತು. ಒಬ್ಬ ಮಾತ್ರ ಕೆಲಸಕ್ಕೆ ಬರುವ ಮಾತು ಹೇಳಿದ, ಅವನು ಗುಲಾಮ್ ರಸೂಲ್. "ಚಾಚಿ ಇದ್ದಾರಲ್ಲ. ಸೈಕಲ್ ಅಂಗಡಿ ಅವರಿಗಿ ಬಂತು. ಕಪ್ ಯಾಕ ಬರಂಗಿಲ್ಲ?"

ಅಂಬಾದಾಸನಿಗೂ ಅದು ಸರಿ ಕಂಡಿತು. ಲಾಲ್ ಚಾಚಾನ ಹೆಂಡತಿ ವಜೀರಬಿ ಬಂದು ಬೋರಲು ಹಾಕಿದರೆ ತನ್ನ ಅಡ್ಡಿಯಿಲ್ಲ ಎಂದ. ಹೆಂಗಸರು ಯಾರೂ ಕಾಲಿಡದ ಹೋಟೆಲಿಗೆ ಆಕೆ ಬರುವುದಿಲ್ಲವೆಂದು ಅವನಿಗೆ ಧೈರ್ಯವಿತ್ತೋ ಏನೋ.

ವಸೀಮ್ ಅಲ್ಲಿಂದ ನೇರ ವಜೀರಬಿಯ ಮನೆಗೆ ಹೋದ. ಚಾಚಿ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದರು. ಇವನು ಬಂದ ಕೆಲಸ ಹೇಳಲು ಬಾಯಿ ತೆರೆದದ್ದೇ ತಡ, ಮೆಣಸಿನ ಘಾಟು ಹೊಕ್ಕು ಕೆಮ್ಮು ಹತ್ತಿತು. ಎಲ್ಲರಿಗೂ ಹತ್ತುವ ಕೆಮ್ಮಲ್ಲ ಅದು. ಗೋಡೆ ಹಿಡಿದ, ಕೂತ, ಕಣ್ಣಲ್ಲಿ ನೀರು ಬಂತು, ಆದರೂ ನಿಲ್ಲಲಿಲ್ಲ. ಚಾಚಿ ನೀರು ತಂದು ಬೆನ್ನು ತಿಕ್ಕಿದರು.

"ಎಂದಿನಿಂದ ಬೇಟಾ?"

"ಮೆಣಸಿನಕಾಯಿ ಚಾಚಿ, ಅಷ್ಟೇ."

"ಮೆಣಸಿನಕಾಯಿ ನನ್ನ ಕೈಯಾಗ ಅದ, ನಿನ್ನ ಎದ್ಯಾಗ ಅಲ್ಲ. ಖರೇ ಹೇಳು."

ತಾಯಿಯ ಕೈಯಂಥ ಆ ಕೈ ಬೆನ್ನ ಮೇಲಿರುವಾಗ ಸುಳ್ಳು ಹೊರಡಲಿಲ್ಲ. ವಸೀಮ್ ಪೌಡರಿನದ್ದು, ಪ್ಯಾಕಿಂಗಿನದ್ದು, ಸೋಮವಾರದ್ದು, ಹೋಟೆಲಿನ ಬಿರ್ಯಾನಿ ಮಾತಿನದ್ದು ಎಲ್ಲ ಹೇಳಿದ. ಕೊನೆಗೆ, "ಯಾರಿಗೂ ಹೇಳಬ್ಯಾಡ್ರಿ ಚಾಚಿ. ಹುಮನಾಬಾದಿಗಿ ಗೊತ್ತಾದ್ರ ಕೆಲಸ ಕೆಟ್ಟಂಗ," ಎಂದ.

"ನಾ ಯಾರಿಗಿ ಹೇಳ್ಲಿ," ಎಂದರು ಚಾಚಿ. ಒಳಗೆ ಹೋಗಿ ಬುರ್ಖಾ ಹಾಕಿಕೊಂಡು ಬಂದರು.

ಆಕೆ ಹೋಟೆಲಿನ ಬಾಗಿಲಲ್ಲಿ ನಿಂತಾಗ ಕೂತವರೆಲ್ಲ ಎದ್ದರು. ಗುಲಾಮ್ ರಸೂಲ್ ಕಪ್ಪೊಂದನ್ನು ತೊಳೆದು, ಒರೆಸಿ, ಮೇಜಿನ ಮೇಲಿಟ್ಟ. ಚಾಚಿ ಅದನ್ನು ತೆಗೆದುಕೊಂಡು ಬೋರಲು ಹಾಕಿದರು. ಟಕ್ ಎಂಬ ಸಣ್ಣ ಸದ್ದು. ವಸೀಮನ ಎದೆಯೊಳಗೆ ಎಷ್ಟೋ ತಿಂಗಳಿಂದ ಇಲ್ಲದ ಜಾಗ ಆದಂತಾಯಿತು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹಿಂದಿನ ಬೆಂಚಿನಿಂದ ಗೌಸ, ತಡೆಯಲಾರದೆ, "ಚಾಚಾ ಇದ್ದಿದ್ರ ಬಿಡ್ತಿದ್ದಿಲ್ಲ. ಇಂಥ ನಮಕ್ ಹರಾಮಿಗಿ," ಎಂದುಬಿಟ್ಟ.

ವಜೀರಬಿ ತಿರುಗಿದರು.

"ಚಾಚಿ, ನಡ್ರಿ ಹೋಗೂನು," ಎಂದ ವಸೀಮ್.

"ನಿಂದರೋ." ಆಕೆ ಗೌಸನ ಬೆಂಚಿನ ಕಡೆ ನಡೆದರು. "ಯಾರಿಗಿ ಅನ್ನಾಕತ್ತಿ ಗೌಸ ನೀ? ಈ ಹುಡುಗನ ಎದಿ ಆ ಪೌಡರಿನ್ಯಾಗ ತೂತು ಬೀಳಾಕತ್ತದ. ಉಸಿರ ಸಲುವಾಗಿ ಅವರ ಪ್ಯಾಕಿಂಗಿಗಿ ಹೊಂಟಾನ ಅಂವ. ನೀವು ಅವನ ಮ್ಯಾಲ ಬಿರ್ಯಾನಿ ಮಾತ ಹೊರಸ್ತೀರಿ?"

ಆಮೇಲೆ, ವಸೀಮ್ ಹೆದರಿದ್ದು ಹೇಗೋ ಹಾಗೆಯೇ, ಊರು ಎದ್ದು ಬಂದು ಅವನನ್ನು ಅಪ್ಪಿಕೊಂಡಿತು. ಗೌಸ ಅವನ ಎರಡೂ ಕೈ ಹಿಡಿದು ಅತ್ತ. ಅಂಬಾದಾಸ, "ಒಂದ್ ಮಾತ್ ಹೇಳಬಾರದೇನೋ," ಎಂದು ಬೈದ. "ಯಾರೂ ಹೊರಗ ಹೇಳಬ್ಯಾಡ್ರಿ," ಎಂದು ವಸೀಮ್ ಒಬ್ಬೊಬ್ಬರಿಗೂ ಕೈ ಮುಗಿದ. ಎಲ್ಲರೂ ಹೇಳುವುದಿಲ್ಲವೆಂದು ಆಣೆ ಮಾಡಿದರು, ಮನಸಾರೆಯೇ ಮಾಡಿದರು.

ಟೀಮಿನ ಅಭಿಮಾನಿಗಳ ಫೋನ್ ಗ್ರೂಪಿನಲ್ಲಿ ಗೌಸನ ಧ್ವನಿ ಮಧ್ಯಾಹ್ನದ ಊಟದ ಹೊತ್ತಿಗೆ ಬಂತು. "ನಮ್ಮ ವಸೀಮ್ ಭಾಯ್ ಎದಿಗಿ ಆರಾಮ ಇಲ್ಲ, ಎಲ್ಲಾರೂ ದುವಾ ಮಾಡ್ರಿ, ಅವರವರ ದೇವರಿಗಿ ಕೇಳ್ಕೋರಿ." ಅವನ ಪ್ರಕಾರ ಗ್ರೂಪು ಹೊರಗಲ್ಲ, ಮನೆ. ಆ ಮನೆಯಲ್ಲಿ ಹುಮನಾಬಾದಿನ ಅರ್ಧ ಊರು ಇತ್ತು. ಸಂಜೆಯೊಳಗೆ ಇನ್ನೊಂದು ಸುದ್ದಿಯೂ ಬಂತು: ಖಾಲಿ ಕೂತಿದ್ದ ಕುನಾಲನಿಗೆ ಅಂಬಾದಾಸ ಬಶಿ ಕುಡಿಸಿದ್ದ. ಅಂಬಾದಾಸನೇ ಫೋನು ಮಾಡಿ ಹೇಳಿದ.

"ನೀ ಗೋಲಿನ ಚಿಂತಿ ಬಿಡು. ಆರಾಮ ಮಾಡು. ಮತ್ತ ಹೈವೇದವರ ಪ್ಯಾಕಿಂಗ್ ಅದಲ್ಲ, ತಣ್ಣಗ ಕುಂದರು."

ನೂರೀನ್ ಆ ದಿನ ಒಗೆದ ಅಂಗಿಯನ್ನು ಮಡಚುತ್ತ, "ನಾಳಿ ಹೋಗ್ತೀರೇನು?" ಎಂದು ಕೇಳಿದಳು. "ಹೋಗಬೇಕಲ್ಲ," ಎಂದ.

ಸೋಮವಾರ ಕಾರ್ಖಾನೆಯ ಗೇಟಿನಲ್ಲೇ ಅನೀಲಕುಮಾರ ಕಾಯುತ್ತಿದ್ದ. ಸಿಟ್ಟಿನಲ್ಲಿರಲಿಲ್ಲ. ಹಾಗಿದ್ದಿದ್ದರೆ ಚೆನ್ನಿತ್ತು.

"ಕಪ್ ಬೋರಲ ಹಾಕಸ್ಕೊಂಡು ಬಂದೀನ್ರಿ ಸರ್," ಎಂದ ವಸೀಮ್, ಬೇರೆ ಏನೂ ಗೊತ್ತಿಲ್ಲದವನಂತೆ.

"ಕೇಳೀನಿ. ಎಲ್ಲಾನೂ ಕೇಳೀನಿ." ಅನೀಲಕುಮಾರ ಅವನ ಹೆಗಲ ಮೇಲೆ ಕೈಯಿಟ್ಟ. "ಗೋಲಿನ ಮಾತು ಬಿಡು. ಅದು ಆಟ, ಇವತ್ತಿಲ್ಲ ನಾಳಿ. ನಾ ನಿನಗ ಹಂಗೇ ಪ್ಯಾಕಿಂಗಿಗಿ ಹಾಕಬೇಕಂತ ಮಾಡಿದ್ದೆ, ಖರೇ. ಆದರ ಅಲ್ಲಿ ಔಷಧದ ಗುಳಿಗಿ ಬಯಲಿಗಿ ಇರ್ತಾವ. ಕೆಮ್ಮೋವನಿಗಿ ಒಳಗ ಬಿಟ್ಟರ ತಪಾಸಣಿಯವರು ನನಗ ಬಿಡಂಗಿಲ್ಲ. ಡಾಕ್ಟರ್ ಚೀಟಿ ಬೇಕಂತಾರ, ಎದಿ ಸಾಫ್ ಅದ ಅಂತ."

"ಎದಿ ಸಾಫ್ ಇದ್ರ ನಾ ಯಾಕ ಕೇಳ್ತಿದ್ದೆ ಸರ್?"

ಅನೀಲಕುಮಾರ ನಿಜವಾಗಿಯೂ ಯೋಚಿಸಿದ, ಅದು ಮುಖದಲ್ಲಿ ಕಾಣುತ್ತಿತ್ತು. ಕಡೆಗೆ, ಸಮಾಧಾನವೆಂದೇ ತಿಳಿದು ಹೇಳಿದ: "ಪೌಡರಿನ್ಯಾಗ ಏನಾದ್ರೂ ನಡೀತದಪಾ. ಅಲ್ಲಿ ಕೆಮ್ಮಿದ್ರ ಯಾರೂ ಕೇಳಂಗಿಲ್ಲ. ಎಷ್ಟ ದಿನ ಬೇಕಾದ್ರೂ ಇರು."

ವಸೀಮ್ ತಲೆಯಾಡಿಸಿದ. ಜೇಬಿನಲ್ಲಿ ಫೋನು ಗುರುಗುಟ್ಟುತ್ತಲೇ ಇತ್ತು. ಗೋರ್ಟಾದಿಂದ, ಭಾಲ್ಕಿಯಿಂದ, ಗೋಲಿನಲ್ಲಿ ಅವನನ್ನು ನೋಡಿದ್ದ ಯಾರು ಯಾರೋ ಅವನ ಎದೆಗಾಗಿ ಬೇಡಿಕೊಳ್ಳುತ್ತಿದ್ದರು. ಅದನ್ನು ಲಾಕರಿನಲ್ಲಿಟ್ಟು, ಮಾಸ್ಕ್ ಕಟ್ಟಿಕೊಂಡು, ಪೌಡರ್ ಸೆಕ್ಷನ್ನಿನ ಬಾಗಿಲು ತೆರೆದ. ಬೀಸುವ ಯಂತ್ರ ಆಗಲೇ ಶುರುವಾಗಿತ್ತು. ಒಳಗೆಲ್ಲ ಬಿಳಿ. ಯಂತ್ರದ ಹತ್ತಿರ ನಿಂತ ಮನುಷ್ಯನ ಕಣ್ಣು ಮಾತ್ರ ಕಾಣುತ್ತಿತ್ತು. ವಸೀಮ್ ಹೊಸ್ತಿಲಲ್ಲಿ ಒಂದು ಕ್ಷಣ ನಿಂತ, ಹೊರಗಿನ ಗಾಳಿಯನ್ನು ಇನ್ನೊಂದೆರಡು ಸಲ ಎಳೆದುಕೊಳ್ಳೋಣವೆಂದು.

"ಯಾರದು?" ಎಂದಿತು ಒಳಗಿನ ದನಿ. "ಲಗೂನ ಬಾಗಲ ಹಾಕೋ, ಪುಡಿ ಹೊರಗ ಹೋಗಾಕತ್ತದ."

ವಸೀಮ್ ಒಳಗೆ ಬಂದು ಬಾಗಿಲು ಹಾಕಿದ.