ಹಿಂತುದಿಯಲ್ಲಿ ನಿಲ್ಲುವವರು

ಕೆರೆಯುವ ಸದ್ದು ನಿಂತಿತು, ಮತ್ತೆ ಶುರುವಾಯಿತು, ಮಗುಚಿ ಹಾಕಿದ ಯಾರದೋ ದೋಣಿಯ ಬೆನ್ನಿನಿಂದ ಹಳೆಯ ಡಾಂಬರು ಚಕ್ಕೆಚಕ್ಕೆಯಾಗಿ ಉದುರುತ್ತಿದೆ, ಒಣಗಿದ ಗಾಯದ ಹಕ್ಕಳೆಯ ಹಾಗೆ — ಈ ಸದ್ದಿಗೆ ಅಪ್ಪನ ಎಡಗಣ್ಣು ಕಿರಿದಾಗುತ್ತದೆ, ಬಲಗಣ್ಣು ಹಾಗೆಯೇ ಇರುತ್ತದೆ, ಲಕ್ವ ಹೊಡೆದ ಎಂಟು ತಿಂಗಳಿಂದ ಬಲಗಡೆಯದ್ದೆಲ್ಲ ಹಾಗೆಯೇ, ಕೈ, ಕಾಲು, ತುಟಿಯ ಕೊನೆ, ಮಾತು ಮಾತ್ರ ಪೂರ್ತಿ ಹೋಯಿತು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವನನ್ನು ಕೂರಿಸಿ ತಮ್ಮ ಶಾತಿ ಹೊರಟುಹೋದ, ಸಂಜೆಯೊಳಗೆ ಒಂದು ದೋಣಿ ಆರಿಸ್ಬಿಡಕ್ಕಾ, ಮೋಟರ್ ಹಾಕೋ ಅಂಥದ್ದು ತಗೋ, ಅಪ್ಪನ್ನ ಚಾಪೆ ಮೇಲೆ ಮಲಗಿಸ್ಕೊಂಡು ಬುರ್ರ್ ಅಂತ ಹೋಗ್ಬರಬಹುದು — ಮಲಗಿಸಿಕೊಂಡು, ಕಡಿದ ಜೊಂಡಿನ ಹೊರೆಯ ಹಾಗೆ. ಜೌಗಿನೊಳಗೆ ನಮ್ಮ ಮನೆಯಿದ್ದ ದಿಬ್ಬಕ್ಕೆ ಮೋಟರ್ ಹೋಗುವುದಿಲ್ಲ ಶಾತಿ, ನೀನು ಅದನ್ನು ನೋಡಿಯೇ ಇಲ್ಲ, ಜೊಂಡಿನ ನಡುವಿನ ಆ ಕಾಲುವೆ ಎರಡು ತೋಳಿನಗಲ, ಬೇಸಿಗೆ ಬಂದರೆ ಅದೂ ಇಲ್ಲ, ನೀರು ಈಗಲೇ ಒಂದು ಗೇಣು ಇಳಿದಿದೆ, ಇನ್ನು ಇಪ್ಪತ್ತು ದಿನ ಇದ್ದೀತು, ಅಪ್ಪನಿಗೆ ಎಷ್ಟು ದಿನವೋ, ಹಾಸಿಗೆಯಿಂದ ಎಡಗೈ ಎತ್ತಿ ಅವನು ತೋರಿಸುವುದು ಆ ದಿಕ್ಕೊಂದನ್ನೇ, ಹಾಲು ತಂದರೂ ಅದೇ, ಮಾತ್ರೆ ತಂದರೂ ಅದೇ. ಹಾಜಿ ಮುತಶ್ಶರ್ ಬಾಚಿ ಕೆಳಗಿಟ್ಟು ಬರುತ್ತಿದ್ದಾರೆ, ಅಪ್ಪನ ವಾರಿಗೆಯವರು, ಈ ಅಂಗಳದಲ್ಲಿ ಐವತ್ತು ವರ್ಷದಿಂದ ದೋಣಿ ಕಟ್ಟುವವರು, ಏನೋ ಜಹೈಶ್, ನನ್ನಂಗಳಕ್ಕೆ ಬಂದು ಸುಲ್ತಾನನ ಹಾಗೆ ಕೂತಿದೀಯಲ್ಲೋ ಕತ್ತೆಮರಿ, ಚಹಾ ಬೇರೆ ತರಿಸ್ಬೇಕಾ ನಿಂಗೆ — ಜಹೈಶ್ ಎಂದರೆ ಕತ್ತೆಮರಿಯೇ, ಅಜ್ಜಿಯ ಮೊದಲ ಮೂರು ಗಂಡುಗಳು ತೊಟ್ಟಿಲಲ್ಲೇ ಹೋದವು, ನಾಲ್ಕನೆಯದಕ್ಕೆ ದೃಷ್ಟಿ ತಾಗದಿರಲೆಂದು ಈ ಹೆಸರು, ನಮ್ಮಲ್ಲಿ ಉಳಿಯಲೇಬೇಕಾದ ಮಕ್ಕಳಿಗೇ ಕೆಟ್ಟ ಹೆಸರು, ನನಗೆ ಮಾತ್ರ ಅಪ್ಪ ನಶ್ಮಿಯಾ ಎಂದಿಟ್ಟ, ಧೈರ್ಯವಂತೆ, ದೃಷ್ಟಿಗೆ ಹೆದರದೆ ಇಟ್ಟ, ಎಲ್ಲಿದೆ ಧೈರ್ಯ, ಒಂದು ದೋಣಿ ಆರಿಸಲಾರದೆ ಬೆಳಗಿನಿಂದ ನಿಂತಿದ್ದೇನೆ.

ದೋಣಿ ಕೇಳ್ಬೇಡ ಮಗಳೇ, ಕೆಲಸ ಹೇಳು, ಎನ್ನುತ್ತಾರೆ ಹಾಜಿ, ಇದು ಬಾತುಕೋಳಿ ಬೇಟೆಗೆ, ಒಬ್ಬನೇ ಕೂತು ಹುಟ್ಟು ಹಾಕೋದು, ಸದ್ದೇ ಇಲ್ಲ, ಆದ್ರೆ ಸೀನಿದ್ರೆ ಮಗುಚುತ್ತೆ, ಅಗೋ ಆ ಹೊಟ್ಟೆಯಮ್ಮ ಎಮ್ಮೆ ಮೇವಿಗೆ, ಎಷ್ಟು ಹೇರಿದ್ರೂ ಉಸ್ಸಪ್ಪ ಅನ್ನಲ್ಲ, ಆದ್ರೆ ಸಂದೀಲಿ ಸಿಕ್ಕೊಳ್ತಾಳೆ, ದೊಡ್ಡ ನೀರು ದಾಟೋದಾದ್ರೆ ಗಳ ನೆಲ ಮುಟ್ಟಲ್ಲ, ಹುಟ್ಟೇ ಬೇಕು, ಅಂಚೂ ಎತ್ತರ ಇರ್ಬೇಕು, ಜೊಂಡಿನೊಳಗಾದ್ರೆ ಗಳ ಊರ್ಬೇಕು, ಅದಕ್ಕೆ ಇದು, ಮೂತಿ ಚೂಪು, ಮಧ್ಯೆ ಒಬ್ರು ಒರಗಿ ಕೂರಬಹುದು, ನಿನ್ನೆಯಷ್ಟೇ ಡಾಂಬರು ಬಳಿದಿದ್ದು — ಆಮೇಲೆ ಮೊದಲೇ ಕೇಳಬೇಕಾಗಿದ್ದನ್ನು ಕೇಳಿದರು, ಹಿಂದೆ ನಿಲ್ಲೋರು ಯಾರು? ಕೂತು ನಡೆಸಿದರೆ ಜೊಂಡಿನ ಮೇಲಿಂದ ದಾರಿ ಕಾಣುವುದಿಲ್ಲ, ಯಾರಾದರೂ ನಿಲ್ಲಲೇಬೇಕು. ಅಪ್ಪ ನಿಲ್ತಾನೆ, ಎಂದೆ. ಅಂದುಬಿಟ್ಟೆ. ಕೆರೆಯುವ ಸದ್ದೂ ಆಗಲೇ ನಿಲ್ಲಬೇಕೇ, ಹಾಜಿ ನಗಲಿಲ್ಲ, ಅಪ್ಪ ಕೇಳಿಸಿಕೊಂಡ — ಅವನು ಕೂತದ್ದನ್ನು ನಾನು ಯಾವಾಗ ನೋಡಿದ್ದೆ, ದೋಣಿಯಲ್ಲಿ ಎಂದೂ ಇಲ್ಲ, ನಾನು ಮುಂದೆ ಅವನ ಕಡೆ ಮುಖ ಮಾಡಿ ಕೂರುತ್ತಿದ್ದೆ, ಎದುರಿಗೆ ಅವನ ಬರಿಗಾಲು, ಕಾಲ ಕೆಳಗೆ ಹಲಗೆಯಲ್ಲಿ ಡಾಂಬರಿನ ಎರಡು ಕಪ್ಪು ಪಾದ. ನಾನು ಹುಟ್ಟಿದ ದಿನ ಅವನು ಡಾಂಬರು ಬಳಿಯುತ್ತಿದ್ದನಂತೆ, ಅಮ್ಮನಿಗೆ ನೋವು ಬಂತೆಂದು ಯಾರೋ ಕೂಗಿದರಂತೆ, ಅಂಟು ಆರುವ ಮೊದಲೇ ದೋಣಿ ಹೊರಳಿಸಿ, ಕಾಲನ್ನೂ ಒರೆಸದೆ ಹಿಂತುದಿಗೆ ಹತ್ತಿ ಸೂಲಗಿತ್ತಿಯನ್ನು ಕರೆತರಲು ಗಳ ಊರಿದ, ಹಲಗೆಗೆ ಅಂಟಿದ ಹೆಜ್ಜೆ ಗುರುತು ಮತ್ತೆ ಹೋಗಲೇ ಇಲ್ಲ, ನೋಡ್ರೋ ಕತ್ತೆ ಗೊರಸು ಎಂದು ಊರೆಲ್ಲ ನಗುತ್ತಿತ್ತು. ಅವನಿಲ್ಲದಾಗ ನಾನು ಆ ಗುರುತಿನೊಳಗೆ ನಿಲ್ಲುತ್ತಿದ್ದೆ, ಸುತ್ತ ಎಷ್ಟೊಂದು ಜಾಗ ಉಳಿಯುತ್ತಿತ್ತು, ಒಮ್ಮೆ ಸಿಕ್ಕಿಬಿದ್ದೆ, ಬಯ್ಯಲಿಲ್ಲ, ಮೊಣಕಾಲು ಬಿಗಿ ಹಿಡೀಬೇಡ ಪುಟ್ಟಾ, ನೀರು ನೋಡ್ಬೇಡ, ದೂರದ ಜೊಂಡಿನ ತುದಿ ನೋಡು. ನನಗೆ ಒಂಬತ್ತಾದಾಗ ಸರ್ಕಾರದವರು ಜೌಗಿನ ನೀರನ್ನೇ ಬೇರೆ ಕಡೆ ತಿರುಗಿಸಿದರು, ಬಿರಿದ ಕೆಸರಿನ ಮೇಲೆ ದೋಣಿ ಬಿಟ್ಟು ಬಸ್ರಾಕ್ಕೆ ನಡೆದೆವು, ಇಟ್ಟಿಗೆಯ ಒಂದೇ ಕೋಣೆ, ಶಾತಿ ಅಲ್ಲೇ ಹುಟ್ಟಿದ, ನಾನು ಓದಿದೆ, ಪಾಸಾದೆ, ಪಾಠ ಹೇಳಿದೆ, ಅಪ್ಪ ಬೀದಿಯ ಕೊನೆಯಲ್ಲಿ ಕಾಲು ಅಗಲಿಸಿ ನಿಲ್ಲುತ್ತಿದ್ದ, ಒಣನೆಲದ ಮೇಲೆ, ನೆಲ ಅಲ್ಲಾಡೀತು ಎನ್ನುವಂತೆ. ನೀರು ಮರಳಿದಾಗ ನಾವೂ ಮರಳಿದೆವು, ದಿಬ್ಬಕ್ಕಲ್ಲ, ಈ ದಡದ ಊರಿನವರೆಗೆ ಮಾತ್ರ, ಬಿಟ್ಟುಹೋದ ದೋಣಿ ಇರಲಿಲ್ಲ, ಯಾರ ಒಲೆಗೆ ಹೋಯಿತೋ.

ಏನೋ ಎಳೆಯುತ್ತಿದೆ, ನನ್ನ ಅಬಾಯದ ಅಂಚು, ಅಪ್ಪನ ಎಡಗೈ, ಎಳೆದು ಬಿಟ್ಟು ತೋರಿಸುತ್ತಿದ್ದಾನೆ, ಆ ದಿಕ್ಕನ್ನಲ್ಲ, ಚೂಪು ಮೂತಿಯ ದೋಣಿಯನ್ನು, ಅದರ ಹಿಂತುದಿಯನ್ನು, ಆಮೇಲೆ ನನ್ನ ಕಾಲನ್ನು. ನಾನಾ, ಅಪ್ಪಾ, ಮರೆತುಹೋಗಿದೆ ಅಪ್ಪಾ, ಇಪ್ಪತ್ತೈದು ವರ್ಷ ಆಯ್ತು, ಬೀಳಿಸ್ಬಿಡ್ತೀನಿ ನಿನ್ನ — ಮತ್ತೆ ಕಾಲು, ಮತ್ತೆ ದೋಣಿ. ಹತ್ತಿ ನೋಡು ಮಗಳೇ, ಒಣನೆಲದ ಮೇಲೆ ಯಾರೂ ಮುಳುಗಿಲ್ಲ, ಎಂದರು ಹಾಜಿ. ಚಪ್ಪಲಿ ಬಿಟ್ಟೆ, ನೆಲ ಬೆಚ್ಚಗಿದೆ, ಎಲ್ಲೋ ಮೆತ್ತಗೂ ಇದೆ, ಹತ್ತಿದೆ, ದೋಣಿ ತುಸು ವಾಲಿತು, ಮೊಣಕಾಲು ಸಡಿಲ, ನೀರು ನೋಡಬೇಡ, ಇಲ್ಲಿ ನೀರಿಲ್ಲ, ಬೇಲಿಯಾಚೆ ದೂರದಲ್ಲಿ ಜೊಂಡಿನ ತುದಿಗಳು ಗಾಳಿಗೆ ಒಂದೇ ಕಡೆ ಬಾಗುತ್ತಿವೆ, ಅವನು ಅಲ್ಲಿ ಮುಂದೆ ನನ್ನ ಕಡೆ ಮುಖ ಮಾಡಿ ಕೂರುತ್ತಾನೆ, ದಿಂಬು ಕೊಟ್ಟರೆ ಒರಗಬಹುದು, ಅಲ್ಲಿಂದ ಅವನಿಗೆ ಕಾಣುವುದು — ಅಯ್ಯಯ್ಯೋ ಕಾಲು, ಕಾಲು ನೋಡ್ಕೋ, ಬಾಣಲೆ ಹತ್ರ ಚೆಲ್ಲಿದ್ದ ಡಾಂಬರು ತುಳ್ಕೊಂಡು ಹತ್ತಿದೀಯಲ್ಲೇ, ಹೊಸ ಹಲಗೆ ಕಣೇ, ಕತ್ತೆ ಹೊಟ್ಟೇಲಿ ಕತ್ತೇನೇ ಹುಟ್ಟೋದು, ಹಾಜಿ ಕೂಗುತ್ತಿದ್ದಾರೆ, ಅದರ ಕೆಳಗೆ ಇನ್ನೊಂದು ಸದ್ದು, ಕೆರೆಯುವುದಲ್ಲ, ಒರಟು, ತಡೆತಡೆದು, ಅಪ್ಪನ ಗಂಟಲಿನಿಂದ, ಅರ್ಧ ಬಾಯಿಂದ, ನಗುತ್ತಿದ್ದಾನೆ, ಎಂಟು ತಿಂಗಳ ಮೇಲೆ, ನಾನು ಒಂದು ಕಾಲು ಎತ್ತಿದೆ, ಇನ್ನೊಂದು ಎತ್ತಿದೆ, ಕೆಳಗೆ ನೋಡಿದೆ, ಹಲಗೆಯ ಮೇಲೆ ಎರಡು ಕಪ್ಪು ಪಾದ, ಎಡದ್ದು, ಬಲದ್ದು, ಹಸಿಯಾಗಿ, ಎರಡೂ ನನ್ನವೇ.