ಮಾತಿಗೆ ಕಟ್ಟುಬಿದ್ದ ನೀಲಪ್ಪನವರು

ನೀಲಪ್ಪನವರು ರಸ್ತೆಯಲ್ಲಿ ನಡೆಯುವಾಗ ಎದುರು ಬರುವವರ ಮುಖ ನೋಡುತ್ತಿರಲಿಲ್ಲ. ನೆಲದ ಇಳಿಜಾರು ನೋಡುತ್ತಿದ್ದರು. ಮತ ಕೇಳಬೇಕಾದ ಮನುಷ್ಯನಿಗೆ ಇದಕ್ಕಿಂತ ದೊಡ್ಡ ದುರ್ಗುಣ ಮತ್ತೊಂದಿಲ್ಲ. ಕೈಮುಗಿದು ನಿಂತವರನ್ನು ದಾಟಿ ಹತ್ತು ಹೆಜ್ಜೆ ಮುಂದೆ ಹೋಗಿ, ಗಟಾರದ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಒಂದು ಒಣಎಲೆಯನ್ನು ನೀರಿಗೆ ಬಿಟ್ಟು ಅದು ಎತ್ತ ಸಾಗುತ್ತದೆಂದು ನೋಡಿ, ಆಮೇಲೆ ಏನೋ ನೆನಪಾದವರಂತೆ ಹಿಂತಿರುಗಿ "ನಮಸ್ಕಾರ್ರೀ, ಏನೋ ಅಂದ್ರಲ್ಲ?" ಎನ್ನುವರು. ಅಷ್ಟರಲ್ಲಿ ಕೈಮುಗಿದವರು ಓಣಿಯ ತಿರುವು ದಾಟಿರುತ್ತಿದ್ದರು.

ಹುಟ್ಟಿದ್ದು ಶಿರಗುಪ್ಪಿಯಲ್ಲಿ, ಅವರ ಮನೆತನದಲ್ಲಿ ಅಕ್ಷರ ಕಲಿತ ಮೊದಲಿಗರು ಅವರೇ. ವಿದ್ಯಾನಗರದ ಕಾಲೇಜೊಂದರಲ್ಲಿ ಮೂವತ್ತು ವರ್ಷ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದರು. ಬೂದುಬಣ್ಣದ ಒಂದು ಕೋಟು ಅವರ ಮೈಬಿಟ್ಟು ಇಳಿದದ್ದನ್ನು ನಾನು ಕಂಡಿಲ್ಲ. ಅದರ ಎಡಜೇಬಿನಲ್ಲಿ ನಮ್ಮ ವಾರ್ಡಿನ ಮಳೆನೀರು ಹರಿಯುವ ನಾಲಾದ ಹಳೆಯ ನಕ್ಷೆ, ಬಲಜೇಬಿನಲ್ಲಿ ಮತದಾರರ ಪಟ್ಟಿ. ಪಟ್ಟಿಯ ಭಾರ ಹೆಚ್ಚಾದ್ದರಿಂದ ಕೋಟು ಬಲಕ್ಕೆ ವಾಲಿರುತ್ತಿತ್ತು; ಕೋಟಿನ ಜೊತೆಗೆ ನಡಿಗೆಯೂ ವಾಲಿತ್ತು. ಮಳೆಯ ನೀರಿಗೂ ಮತಕ್ಕೂ ಅವರ ದೃಷ್ಟಿಯಲ್ಲಿ ಒಂದೇ ನ್ಯಾಯ: ಎರಡೂ ತಮ್ಮ ಪಾಡಿಗೆ ತಾವು, ನಡುವೆ ಯಾರ ತಡೆಯೂ ಇಲ್ಲದೆ, ಹೋಗಬೇಕಾದಲ್ಲಿಗೆ ಹೋಗಿ ಸೇರಬೇಕು. ಈ ಒಂದು ಮಾತನ್ನು ಅವರು ಎಷ್ಟು ಸಭೆಗಳಲ್ಲಿ, ಎಷ್ಟು ಅರ್ಜಿಗಳಲ್ಲಿ, ಚುನಾವಣಾ ಅಧಿಕಾರಿಗಳಿಗೆ ಬರೆದ ಎಷ್ಟು ಪತ್ರಗಳಲ್ಲಿ ಹೇಳಿದ್ದಾರೋ ದೇವರೇ ಬಲ್ಲ. ಬೇರೆಯವರು ತಮಗೆ ಏನಾದರೂ ದೂರು ಹೇಳಿದರೆ ಮಾತ್ರ ಎರಡೇ ಪದದ ಉತ್ತರ: "ಬರದು ಕೊಡ್ರಿ." ಸೊಳ್ಳೆ ಹೆಚ್ಚಾಗಿವೆ ಎಂದರೂ ಬರದು ಕೊಡ್ರಿ, ನೀವು ಭಾರೀ ಒಳ್ಳೆಯವರು ಎಂದರೂ ಬರದು ಕೊಡ್ರಿ.

ಮೂರು ಸಲ ಪಾಲಿಕೆಗೆ ಪಕ್ಷೇತರರಾಗಿ ನಿಂತರು. ಮೊದಲ ಸಲ, ಫ್ಲೆಕ್ಸು ಎಂಬುದು ಗಟಾರಕ್ಕೆ ತೊಡಿಸುವ ಉರುಲು ಎಂದು ಸಾರಿ, ಕೈಬರಹದ ಕಾಗದಗಳನ್ನು ಜೋಳದ ಹಿಟ್ಟಿನ ಅಂಟಿನಿಂದ ಗೋಡೆಗೆ ಹಚ್ಚಿದರು. ಅಂಟು ರುಚಿಯಾಗಿತ್ತೆಂದು ತೋರುತ್ತದೆ. ಬೆಳಗಾಗುವುದರೊಳಗೆ ಓಣಿಯ ಆಡುಗಳು ಅಭ್ಯರ್ಥಿಯ ಹೆಸರು, ಗುರುತು, ಹನ್ನೆರಡು ಅಂಶಗಳ ಸುಧಾರಣಾ ಕಾರ್ಯಕ್ರಮ ಎಲ್ಲವನ್ನೂ ಜೀರ್ಣಿಸಿಕೊಂಡಿದ್ದವು. ಠೇವಣಿ ಹೋಯಿತು. ಎರಡನೆಯ ಸಲ ಭಂಡಾರದ ಆಣೆಯ ವಿರುದ್ಧ ಹೊರಟರು. ಮತದಾನದ ಮುನ್ನಾದಿನ ಮನೆಮನೆಗೆ ಬಂದು, ದೇವರ ಅರಿಶಿನ ಮುಟ್ಟಿಸಿ, ಇಂಥವರಿಗೇ ಓಟು ಎಂದು ಆಣೆ ಹಾಕಿಸುವ ಪದ್ಧತಿ ಕೆಲವರಲ್ಲಿ ಇತ್ತು. "ಅಂಜಿಸಿ ತಗೊಂಡ ಆಣಿ ಆಣಿ ಅಲ್ರಿ, ದೇವ್ರಿಗೂ ಅದು ಗೊತ್ತೈತಿ" ಎಂದು ಇವರು ಬಾಗಿಲು ಬಾಗಿಲಿಗೆ ಹೇಳಿಬಂದರು. ಆಣೆ ಹಾಕಿಸಿದವರಿಗಿಂತ ಹಾಕಿದವರೇ ಹೆಚ್ಚು ಸಿಟ್ಟಾದರು. ಆಗಲೂ ಸೋತರು.

ಮೂರನೆಯ ಸಲ ಗೆದ್ದರು. ಗೆಲ್ಲಿಸಿದ್ದು ಒಂದು ಬಾಂಡ್ ಪೇಪರು. ಆರಿಸಿ ಕಳಿಸಿದವರಿಗೆ ಮರಳಿ ಕರೆಸಿಕೊಳ್ಳುವ ಹಕ್ಕೂ ಇರಬೇಕೆಂಬುದು ಅವರ ಹಳೆಯ ಹಟ. ಕಾನೂನು ಬರುವವರೆಗೆ ಕಾಯಲಾರೆ ಎಂದು ಆ ಹಕ್ಕನ್ನು ತಾವೇ ಬರೆದುಕೊಟ್ಟರು. ನನಗೆ ಬಿದ್ದ ಮತಗಳಿಗಿಂತ ಒಂದೇ ಒಂದು ಹೆಚ್ಚು ಮಂದಿ ನಾನು ಬೇಡವೆಂದು ಬರೆದುಕೊಟ್ಟರೆ, ಎಣಿಕೆ ಮುಗಿದ ದಿನವೇ ರಾಜೀನಾಮೆ ಎಂಬುದು ಅದರ ಒಕ್ಕಣೆ. ಕಾಗದವನ್ನು ಉರ್ದು ಶಾಲೆಯ ಸುಲ್ತಾನಾ ಟೀಚರ ಕೈಗೆ ಒಪ್ಪಿಸಿದರು. ವಾರ್ಡಿನಲ್ಲಿ ಯಾರ ಪರವೂ ಮಾತಾಡದೆ ಎಲ್ಲರ ತಪ್ಪನ್ನೂ ತಿದ್ದುವ ಏಕಮಾತ್ರ ವ್ಯಕ್ತಿ ಆಕೆ. ಜನಕ್ಕೆ ಇದು ಹೊಸ ಮೋಜು. ಸಾವಿರದ ಒಂಬೈನೂರ ನಾಲ್ಕು ಮತಗಳು ಬಿದ್ದವು.

ಎರಡನೆಯ ವರ್ಷದ ಮಳೆಯಲ್ಲಿ ನಾಲಾ ಉಕ್ಕಿ ಕೆಳಗಿನ ಓಣಿಯ ಮನೆಗಳಿಗೆ ಮೊಣಕಾಲುಮಟ ನೀರು ನುಗ್ಗಿತು. ನೀಲಪ್ಪನವರು ಎಡಜೇಬಿನ ನಕ್ಷೆ ಬಿಚ್ಚಿದರು. ಅದರ ಪ್ರಕಾರ ನಾಲಾದ ಅಗಲ ಮೂವತ್ತು ಅಡಿ, ಈಗ ಉಳಿದಿರುವುದು ಹನ್ನೊಂದು. ಮಿಕ್ಕದ್ದರ ಮೇಲೆ ಒಂದು ಮಂಗಲ ಕಾರ್ಯಾಲಯದ ಗೋಡೆ ಮತ್ತು ಮೇಲಿನ ಓಣಿಯ ನಲವತ್ತು ಮನೆಗಳ ಮೆಟ್ಟಿಲು, ಕಾರಿನ ಶೆಡ್ಡು, ತುಳಸಿಕಟ್ಟೆ ನಿಂತಿದ್ದವು. ಅವನ್ನೆಲ್ಲ ತೆರವು ಮಾಡಿ ನಾಲಾವನ್ನು ಮೊದಲಿನಂತೆ ಅಗಲಿಸುವ ಯೋಜನೆಯನ್ನು ಅವರು ವರ್ಷವಿಡೀ ತಿದ್ದಿ ತೀಡಿ, ಒಬ್ಬೊಬ್ಬ ಸದಸ್ಯರನ್ನೂ ಕಂಡು ಒಪ್ಪಿಸಿ, ಪಾಲಿಕೆಯ ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಸೇರಿಸಿದರು.

ನೀಲಪ್ಪನವರ ಪರಿಸರದ ಭಾಷಣಗಳಿಗೆ ಅಲ್ಲಿಯವರೆಗೆ ಚಪ್ಪಾಳೆ ತಟ್ಟುತ್ತಿದ್ದ ಮೇಲಿನ ಓಣಿಗೆ ಆಗ ಮೈ ಉರಿಯಿತು. ಬಾಂಡ್ ಪೇಪರು ನೆನಪಾಯಿತು. ಅವರು ಬೇಡವೆಂಬ ಅರ್ಜಿ ಮನೆಮನೆಗೆ ತಿರುಗಿತು. ಹೋದಲ್ಲೆಲ್ಲ ಕಥೆಯೂ ಬೆಳೆಯಿತು. ಇವತ್ತು ಮೆಟ್ಟಿಲು, ನಾಳೆ ಇಡೀ ವಾರ್ಡಿಗೇ ಕೆಡವುವ ಕೆಂಪು ಗುರುತು ಎಂದರು. ಕೆಳಗಿನ ಓಣಿಗೆ ಹೋಗಿ, ನೀಲಪ್ಪ ಸರ್ ನಿಮ್ಮ ಮನೆ ಕೆಡವಿಸುತ್ತಾರೆ ಎಂದು ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡರು. ನಾನೇನೂ ಬೇರೆಯವನಲ್ಲ. ಆ ನಲವತ್ತು ಮನೆಗಳಲ್ಲಿ ನನ್ನದೂ ಒಂದು. ನಾನೂ ಸಹಿ ಮಾಡಿದೆ.

ಅರ್ಜಿ ಕೈಗೆ ಬಂದಾಗ ನೀಲಪ್ಪನವರಿಗೆ ಸಿಟ್ಟು ಬರಲಿಲ್ಲ. ತಮ್ಮ ಸಿದ್ಧಾಂತ ಮೊದಲ ಬಾರಿಗೆ ಕಾಲೂರಿ ನಡೆದದ್ದನ್ನು ನೋಡಿ ಒಂದು ಬಗೆಯ ಸಂತೋಷವೇ ಆಯಿತೇನೋ. ಒಂದೊಂದು ಹೆಸರನ್ನೂ ತಾವೇ ಮನೆಗೆ ಹೋಗಿ ಪರೀಕ್ಷಿಸುವುದಾಗಿ ಹೇಳಿದರು. ಅದಕ್ಕೊಂದು ನಿಯಮ ಹಾಕಿಕೊಂಡರು: ಇದು ನಿಮ್ಮದೇ ಏನು ಎಂದಷ್ಟೇ ಕೇಳುವುದು, ಯಾಕೆಂದು ಕೇಳುವಂತಿಲ್ಲ, ತಮ್ಮ ಪರವಾಗಿ ಒಂದು ಮಾತನ್ನೂ ಆಡುವಂತಿಲ್ಲ, ಆಡಿದರೆ ಅದು ಪ್ರಚಾರವಾಗುತ್ತದೆ. ನಮ್ಮ ಮನೆಗೂ ಬಂದರು. ಯಾವ ಮೆಟ್ಟಿಲಿಗಾಗಿ ಸಹಿ ಮಾಡಿದ್ದೆನೋ ಅದನ್ನೇ ಹತ್ತಿ ಬಂದು, ಹಾಳೆ ಮುಂದಿಟ್ಟು, "ಇದು ನಿಮ್ಮ ಸಹೀನ ಹೌದಲ್ರಿ?" ಎಂದರು. ಹೌದೆಂದೆ. ಗುರುತು ಹಾಕಿಕೊಂಡು, ಚಹಾ ಕುಡಿದು, "ಕೆಮ್ಮು ಕಡಿಮ್ಯಾತೇನ್ರಿ?" ಎಂದು ಕೇಳಿದರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಆ ಸಂಕಟಕ್ಕೋ ಏನೋ, ನಾನೂ ಬರುತ್ತೇನೆಂದು ಅವರ ಹಿಂದೆ ಕೆಳಗಿನ ಓಣಿಗೆ ಹೊರಟೆ.

ಅಲ್ಲಿ ನಾಲಾಕ್ಕೆ ಅಂಟಿಕೊಂಡ ಕೊನೆಯ ಮನೆ ಅಕ್ಕವ್ವನದು. ಎಪ್ಪತ್ತು ದಾಟಿದ ಆ ಹೆಂಗಸು ಶೇಂಗಾ ಸುಲಿಯುತ್ತ ಕುಳಿತಿದ್ದಳು.

"ಯವ್ವಾ, ಈ ಹೆಬ್ಬಟ್ಟು ನಿಮ್ಮದ ಏನ್ರಿ?"

"ನಂದ ಐತಿ. ಒತ್ತಂದ್ರು, ಒತ್ತೀನಿ. ಯಾಕೋ ಯಪ್ಪಾ?"

ನೀಲಪ್ಪನವರು ಬಾಯಿ ತೆರೆದರು. ಅವಳ ಹಿಂದೆ, ಗೋಡೆಯ ಮೇಲೆ, ಹಿಂದಿನ ಮಳೆಯ ನೀರು ಎಳೆದ ಗೆರೆ ಇನ್ನೂ ಕಾಣುತ್ತಿತ್ತು. "ಏನಿಲ್ರಿ, ಹೌದೋ ಅಲ್ಲೋ ಅಂತ ಕೇಳಾಕ ಬಂದಿದ್ದೆ" ಎಂದು ಹಾಳೆ ಮಡಚಿದರು. ನಾನಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಎಣಿಕೆ ಮುಗಿದದ್ದು ಸಾಮಾನ್ಯ ಸಭೆಯ ಹಿಂದಿನ ದಿನ ಮಧ್ಯಾಹ್ನ, ಸುಲ್ತಾನಾ ಟೀಚರ ಪಡಸಾಲೆಯಲ್ಲಿ. ಎರಡೆರಡು ಸಲ ಮಾಡಿದ ಸಹಿಗಳು, ಊರುಬಿಟ್ಟವರವು, ತೀರಿಕೊಂಡವರವು ಎಲ್ಲ ಹೊಡೆದುಹಾಕಿದ ಮೇಲೆ ಸಾವಿರದ ಎಂಟುನೂರ ತೊಂಬತ್ತಮೂರು ಸಹಿ ಉಳಿದವು. ಜೊತೆಗೆ ಮೂವತ್ತೊಂದು ಹೆಬ್ಬೆಟ್ಟು. ನೀಲಪ್ಪನವರ ಹಳೆಯ ಗೆಳೆಯ ದತ್ತು ವಕೀಲರು ಕುರ್ಚಿಯಿಂದ ಅರ್ಧ ಎದ್ದರು. ನಾಳಿನ ಸಭೆಯಲ್ಲಿ ನಾಲಾದ ಯೋಜನೆ ಪಾಸಾಗಲು ಒಂದೊಂದು ಕೈಯೂ ಬೇಕಿತ್ತು ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

"ಈ ಹೆಬ್ಬಟ್ಟು ಬಿಟ್ಟುಬಿಡ್ರಿ. ಓದಾಕ ಬರದ ಮಂದಿ, ಏನ್ ಹೇಳಿ ಒತ್ತಿಸ್ಯಾರೋ ಏನೋ. ಇವನ್ನ ತಗದ್ರ ನೀವು ಉಳದ್ರಿ, ನಾಲಾನೂ ಉಳೀತು."

"ನಮ್ಮವ್ವಗೂ ಓದಾಕ ಬರತಿದ್ದಿಲ್ರಿ, ವಕೀಲರ. ಆಕಿ ಓಟು ಯಾರೂ ತಗದ ಒಗೀಲಿಲ್ಲ. ತಿಳದ ಒತ್ತ್ಯಾರೋ ತಿಳೀಲಾರದ ಒತ್ತ್ಯಾರೋ ಅಂತ ಇವತ್ತ ನಾ ಕೇಳಿದ್ರ, ನನಗ ಬಿದ್ದ ಓಟಿಗೂ ಅದನ್ನ ಕೇಳಬೇಕಾಗತೈತಿ."

"ಖರೇ ಐತ್ರಿ. ಆದ್ರ ನೀರು ನಿಮ್ಮ ಮನ್ಯಾಗ ಬರೂದಿಲ್ಲ" ಎಂದರು ಸುಲ್ತಾನಾ ಟೀಚರು, ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಪಕ್ಷ ವಹಿಸಿ. ನೀಲಪ್ಪನವರು ಆಕೆಯ ಮುಖ ನೋಡಿದರು. ಆಮೇಲೆ ಹೆಬ್ಬೆಟ್ಟುಗಳನ್ನು ಕೂಡಿಸಿ ಸಾವಿರದ ಒಂಬೈನೂರ ಇಪ್ಪತ್ನಾಲ್ಕು ಎಂದು ಬರೆದು, ಅದರ ಕೆಳಗೇ ರಾಜೀನಾಮೆ ಬರೆದರು. ಮರುದಿನ ಯೋಜನೆ ಒಂದು ಮತ ಸಾಲದೆ ಬಿದ್ದುಹೋಯಿತು. ಮೇಲಿನ ಓಣಿಯಲ್ಲಿ ಪೇಢೆ ಹಂಚಿದರು. ನನ್ನ ಪಾಲಿನದನ್ನು ನಾನು ತಿನ್ನಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ.

ಮುಂದಿನ ಆಷಾಢದ ಒಂದು ಸಂಜೆ ನಾಲಾ ಮತ್ತೆ ಉಕ್ಕಿತು. ನಾನು ಹೋಗುವ ಹೊತ್ತಿಗೆ ನೀಲಪ್ಪನವರು ಎದೆಮಟ ನೀರಿನಲ್ಲಿ ನಿಂತು, ಕೋಟು ತೊಟ್ಟೇ, ಅಕ್ಕವ್ವನನ್ನು ಕಿಟಕಿಯಿಂದ ಎತ್ತಿಕೊಳ್ಳುತ್ತಿದ್ದರು. ಮುದುಕಿ ಉಳಿದಳು, ಹಟ್ಟಿಯಲ್ಲಿ ಕಟ್ಟಿದ್ದ ಎರಡು ಆಡು, ಹಾಸಿಗೆ, ಗಂಡನ ಒಂದೇ ಒಂದು ಫೋಟೋ ಹೋದವು. ಶಾಲೆಯ ಜಗಲಿಯ ಮೇಲೆ ಕೂರಿಸಿ ಕಂಬಳಿ ಹೊದಿಸುವಾಗ ಅವಳು ಅವರ ಕೈ ಹಿಡಿದುಕೊಂಡಳು. ದನಿ ಏರಿಸಲಿಲ್ಲ.

"ಮನಿ ತನಕ ಬಂದಿ. ಹೆಬ್ಬಟ್ಟು ನಂದ ಏನು ಅಂತ ಕೇಳಿದಿ, ಹೋದಿ. ಹಿಂಗ ನೀರು ಬರತೈತಿ ಬೇ ಯವ್ವಾ ಅಂತ ಒಂದ ಮಾತು ಹೇಳಿದ್ರ, ನಿನ್ನ ಗಂಟೇನು ಹೋಗತಿತ್ತೋ ಯಪ್ಪಾ?"

ಯಾವ ಪ್ರಶ್ನೆಗೂ ನಿಯಮವನ್ನು ಉದ್ಧರಿಸಿ ಉತ್ತರ ಕೊಡಬಲ್ಲ ನೀಲಪ್ಪನವರು ಅವಳ ಕಾಲಬುಡದಲ್ಲಿ ಕುಳಿತು ಅತ್ತರು. ನನಗೂ ಅಳು ಬಂತು. ಆದರೆ ಅಳುವ ಹಕ್ಕು ನನಗಿರಲಿಲ್ಲ.

ಇಂಥ ಮನುಷ್ಯರು ಪ್ರತಿ ಊರಿಗೂ ಒಬ್ಬಿಬ್ಬರು ಹುಟ್ಟುತ್ತಾರೆ. ಜನರ ಹಕ್ಕಿನ ಮುಂದೆ ಎಷ್ಟು ಭಕ್ತಿಯಿಂದ ಕೈಕಟ್ಟಿ ನಿಲ್ಲುತ್ತಾರೆಂದರೆ, ಎದುರಿಗಿರುವ ಒಬ್ಬ ಮನುಷ್ಯನಿಗೆ ಹೇಳಲೇಬೇಕಾದ ಒಂದು ಮಾತು ಅವರ ಬಾಯಿಂದ ಹೊರಡುವುದಿಲ್ಲ. ಅದು ಅವರ ದೋಷವೇ, ಸಣ್ಣದೂ ಅಲ್ಲ. ಆದರೆ ನಮ್ಮನ್ನು ವಂಚಿಸುವ ಪ್ರತಿನಿಧಿಯನ್ನು ನಾವು ಐದು ವರ್ಷ ನಗುನಗುತ್ತ ಸಹಿಸುತ್ತೇವೆ, ಅವನ ಜೊತೆ ಫೋಟೋ ತೆಗೆಸಿಕೊಳ್ಳುತ್ತೇವೆ. ನಾವು ಆಡಿದ್ದನ್ನು ಅಕ್ಷರಶಃ ನಂಬಿ ನಡೆಯುವ ಪ್ರತಿನಿಧಿಯನ್ನು ಪಡೆಯಬೇಕಾದರೆ, ಆಡುವ ಮೊದಲು ಯೋಚಿಸುವ ಜನ ನಾವಾಗಿರಬೇಕು. ನೀಲಪ್ಪನವರು ನಮ್ಮನ್ನು ಅಂಥ ಜನವೆಂದು ತಿಳಿದಿದ್ದರು.