ಮೂರನೆಯ ಶುಕ್ರವಾರದ ದೂರು

ಬಂದ ಕೂಡಲೇ ಅವಳು ಯಂತ್ರವನ್ನು ಮುಟ್ಟುತ್ತಿರಲಿಲ್ಲ. ಚೀಲ ಕೆಳಗಿಟ್ಟು, ಸ್ಟೂಲಿನ ಮೇಲೆ ಕುಳಿತು, ಕಣ್ಣು ಮುಚ್ಚಿ ಐದು ನಿಮಿಷ ಕೇಳುತ್ತಿದ್ದಳು. ಕಬ್ಬಿಣದ ಕಪಾಟಿನಲ್ಲಿ ಆ ಹಳೆಯ ಮೇಲ್ ಸರ್ವರ್ ತನ್ನ ಪಾಡಿಗೆ ತಾನು ಗುಂಯ್‌ಗುಡುತ್ತಿರುತ್ತಿತ್ತು. ತೂಕದ ಯಂತ್ರ ತಯಾರಿಸುವ ಆ ಕಂಪನಿಯ ಅರವತ್ತಮೂರು ಜನರ ಪತ್ರವ್ಯವಹಾರವೆಲ್ಲ ಅದರ ಹೊಟ್ಟೆಯಲ್ಲಿತ್ತು.

ಅಪ್ಪ ಬೆಳಗಿನ ಹೊತ್ತು ಪದ್ಯ ಓದುವುದನ್ನು ಬಾಗಿಲ ಮರೆಯಲ್ಲಿ ಕುಳಿತು ಕೇಳಿ ಬೆಳೆದವಳು ಅವಳು. ಅರ್ಥ ತಿಳಿಯುವ ಮೊದಲೇ ನಡೆ ತಿಳಿದಿತ್ತು. ಎಲ್ಲಾದರೂ ಒಂದು ಮಾತ್ರೆ ಜಾರಿದರೆ ತುತ್ತಿನಲ್ಲಿ ಕಲ್ಲು ಸಿಕ್ಕ ಹಾಗಾಗುತ್ತಿತ್ತು. ಆ ಕಿವಿಯೇ ಈಗ ಅವಳಿಗೆ ಅನ್ನ ಕೊಡುತ್ತಿತ್ತು. ಫ್ಯಾನು ಸವೆದಿದೆಯೋ, ಡಿಸ್ಕು ಸುಸ್ತಾಗಿದೆಯೋ, ಪರದೆ ಹೇಳುವುದಕ್ಕೆ ವಾರ ಮೊದಲೇ ಅವಳ ಕಿವಿ ಹೇಳುತ್ತಿತ್ತು. ನಾಲ್ಕಾರು ಕಂಪನಿಗಳ ಮೇಲ್ ಸರ್ವರ್‌ಗಳನ್ನು ಅವಳು ಒಬ್ಬಳೇ ನೋಡಿಕೊಳ್ಳುತ್ತಿದ್ದಳು. ಹಾಗಾಗಿ ಇಲ್ಲಿನ ಜನಕ್ಕೆಲ್ಲ ಅವಳು ಅಂಚೆಯಕ್ಕ.

ಸರ್ವರ್ ಇದ್ದದ್ದು ರವಾನೆ ವಿಭಾಗದ ಹಿಂದಿನ ಕೋಣೆಯಲ್ಲಿ. ಒಂದು ಕಾಲಕ್ಕೆ ಕಾಗದದ ಕಟ್ಟುಗಳನ್ನಿಡುತ್ತಿದ್ದ ಜಾಗ. ಆ ವಾಸನೆ ಇನ್ನೂ ಹೋಗಿರಲಿಲ್ಲ. ಹೊರಗಡೆ ಮರದ ಪೆಟ್ಟಿಗೆಗಳಿಗೆ ಮೊಳೆ ಹೊಡೆಯುವ ಸದ್ದು ಬೆಳಗಿನಿಂದ ಸಂಜೆಯ ತನಕ. ಆದರೆ ಅವಳು ಕಣ್ಣು ಮುಚ್ಚಿದೊಡನೆ ಆ ಸದ್ದು ನಿಲ್ಲುತ್ತಿತ್ತು. ನಿಲ್ಲಿಸುತ್ತಿದ್ದವರು ರವಾನೆ ವಿಭಾಗದ ಮುಖ್ಯಸ್ಥರು. ಎಲ್ಲರೂ ಅವರನ್ನು ರವಾನೆಯವರು ಎಂದೇ ಕರೆಯುತ್ತಿದ್ದರು.

"ಐದು ನಿಮಿಷ ಸುತ್ತಿಗೆ ಕೆಳಗಿಡ್ರಪ್ಪ," ಎನ್ನುತ್ತಿದ್ದರು ಅವರು.

"ಅಂಚೆಯಕ್ಕ ಧ್ಯಾನಕ್ಕೆ ಕೂತ್ರು ಅನ್ನಿ," ಎಂದು ಒಬ್ಬ.

"ನಮಗೂ ಯಾರಾದ್ರೂ ಹೀಗೆ ಕಿವಿಗೊಟ್ಟು ಕೇಳೋರಿದ್ದಿದ್ರೆ," ಎಂದು ಇನ್ನೊಬ್ಬ.

"ನೀನು ಬಾಯಿ ಮುಚ್ಚಿದ್ರೆ ತಾನೇ ಕೇಳೋದು."

ನಗು. ಆಮೇಲೆ ನಿಶ್ಶಬ್ದ. ಆ ಐದು ನಿಮಿಷದಲ್ಲಿ ಅವಳು ಯಂತ್ರವನ್ನೂ ಕೇಳುತ್ತಿದ್ದಳು, ಬಾಗಿಲಾಚೆ ನಿಂತ ಒಬ್ಬರ ಉಸಿರನ್ನೂ ಕೇಳುತ್ತಿದ್ದಳು.

ಅವಳು ಕೂರುತ್ತಿದ್ದ ಸ್ಟೂಲಿಗೆ ಒಂದು ಕಾಲು ಗಿಡ್ಡವಿತ್ತು. ಮೊದಲ ವರ್ಷ ಅವಳು ರಟ್ಟು ಮಡಚಿ ಕೆಳಗೆ ಕೊಟ್ಟು ಕೂರುತ್ತಿದ್ದಳು. ಒಂದು ದಿನ ಬಂದು ನೋಡಿದರೆ ಆ ಕಾಲಿನ ತುದಿಗೆ ತಕ್ಕಡಿಯ ಮಟ್ಟ ಹೊಂದಿಸಲು ಹಾಕುವ ತಿರುಪು ಕೂತಿತ್ತು. ಸ್ಟೂಲಿನ ಮೇಲೆ ನೀರುಗುಳ್ಳೆಯ ಮಟ್ಟಗೋಲಿಟ್ಟು ರವಾನೆಯವರು ಬಗ್ಗಿ ನೋಡುತ್ತಿದ್ದರು. "ಗುಳ್ಳೆ ನಡುವೆ ಬಂತು. ಇನ್ನು ಕೂತ್ಕೊಳ್ಳಿ ಮೇಡಂ," ಎಂದರು. ಎಂಟು ವರ್ಷ ಕಳೆದರೂ ಆ ಸ್ಟೂಲು ಅಲುಗಿರಲಿಲ್ಲ.

ಒಪ್ಪಂದದ ಪ್ರಕಾರ ಅವಳು ಬರಬೇಕಾದದ್ದು ತಿಂಗಳ ಮೊದಲ ಶುಕ್ರವಾರ ಮಾತ್ರ. ಬರುತ್ತಿದ್ದದ್ದು ಮೂರನೆಯ ಶುಕ್ರವಾರವೂ. ಯಾಕೆಂದರೆ ಅದರ ಹಿಂದಿನ ದಿನ ಸಂಜೆ ತಪ್ಪದೆ ರವಾನೆಯವರ ಫೋನು ಬರುತ್ತಿತ್ತು.

"ಮೇಡಂ, ಮತ್ತೆ ನನ್ನ ಮೇಲ್ ನಿಂತುಹೋಗಿದೆ. ಪೆಟ್ಟಿಗೆ ತುಂಬಿದೆ ಅಂತ ತೋರಿಸ್ತಿದೆ."

"ಬೆಳಿಗ್ಗೆ ಬರ್ತೀನಿ."

ಬಂದು, ಅವರ ಪಕ್ಕ ನಿಂತು, ಯಾವುದನ್ನು ಅಳಿಸಬೇಕು ಯಾವುದನ್ನು ಉಳಿಸಬೇಕು ಎಂದು ತೋರಿಸುತ್ತಿದ್ದಳು. ಅರ್ಧ ಗಂಟೆಯ ಕೆಲಸ. ಅವರು ಬುದ್ಧಿವಂತರು, ಆದರೆ ಈ ಒಂದು ವಿದ್ಯೆ ಮಾತ್ರ ಅವರ ತಲೆಗೆ ಹತ್ತಿರಲಿಲ್ಲ. ಪ್ರತಿಯೊಬ್ಬರ ಪೆಟ್ಟಿಗೆಗೂ ಐನೂರು ಎಂಬಿಯ ಮಿತಿ ಇಟ್ಟಿದ್ದವಳು ಅವಳೇ. ಅವರೊಬ್ಬರ ಮಿತಿಯನ್ನು ಮನೆಯಲ್ಲಿ ಕುಳಿತೇ ಸಾವಿರಕ್ಕೆ ಏರಿಸಬಹುದಿತ್ತು. ಒಂದು ಅಂಕಿ, ಹತ್ತು ಸೆಕೆಂಡು. ಶಿಸ್ತು ಕಲಿಯಲಿ ಎಂದು ಬಿಟ್ಟಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಯಾರೂ ಕೇಳದ ಪ್ರಶ್ನೆಗೆ ಉತ್ತರ ಸಿದ್ಧವಾಗಿತ್ತು.

ಈ ವರ್ಷ ಒಂದು ಮೊದಲ ಶುಕ್ರವಾರ, ಕಣ್ಣು ಮುಚ್ಚಿ ಕುಳಿತಾಗ ಯಂತ್ರದ ನಡೆಯಲ್ಲಿ ಒಂದು ಮಾತ್ರೆ ಜಾರಿತು. ಟಿಕ್. ಮತ್ತೆ ಸರಿಹೋಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಟಿಕ್. ಡಿಸ್ಕು ಹೊರಟು ನಿಂತಿದೆ.

ಅದೇ ದಿನ ಚಿಕ್ಕ ಯಜಮಾನರು ಕರೆಸಿದರು. ದೊಡ್ಡ ಯಜಮಾನರ ಸೋದರಳಿಯ. ಅಧಿಕಾರ ಕೈಗೆ ಬಂದು ಆರು ತಿಂಗಳಾಗಿತ್ತು.

"ಅಕ್ಕ, ನೇರವಾಗಿ ಹೇಳಿಬಿಡಿ. ಈ ಸರ್ವರ್ ಇನ್ನೂ ಓಡುತ್ತಾ? ಇಲ್ಲ ಹೊರಗೆ ಬಾಡಿಗೆಗೆ ಸಿಗೋ ಹೊಸ ವ್ಯವಸ್ಥೆಗೆ ಹೋಗಿಬಿಡೋಣ್ವಾ?"

ಡಿಸ್ಕು ಮಾತ್ರ ಬದಲಿಸಿದರೆ ಓಡುತ್ತೆ ಎಂದು ಒಂದು ಮಾತು ಅಂದಿದ್ದರೆ ಇನ್ನೆರಡು ವರ್ಷ ದಕ್ಕುತ್ತಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅದು ಸುಳ್ಳು. ಎಲ್ಲವೂ ಹಳೆಯದಾಗಿತ್ತು; ಒಂದು ದಿನ ಹೇಳದೆ ಕೇಳದೆ ಅರವತ್ತಮೂರು ಜನರ ಕಾಗದಪತ್ರ ಮಣ್ಣುಪಾಲಾಗುತ್ತಿತ್ತು.

"ಹೋಗಿಬಿಡಿ," ಎಂದಳು. "ಇದನ್ನ ಇನ್ನು ನಂಬೋ ಹಾಗಿಲ್ಲ."

"ಹಾಗಾದ್ರೆ ನಿಮಗೂ ಓಡಾಟ ತಪ್ಪುತ್ತೆ ಬಿಡಿ. ಮನೆಯಿಂದಲೇ ನೋಡ್ಕೋಬಹುದಂತಲ್ಲ. ಇಷ್ಟು ವರ್ಷ ಪಾಪ ಬಸ್ಸು ಹತ್ತಿ ಬಂದಿದೀರಿ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅವಳು ತಲೆಯಾಡಿಸಿ ಎದ್ದಳು.

ಮನೆಯಲ್ಲಿ ತಂಗಿ ಒಣಗಿದ ಬಟ್ಟೆ ಮಡಚುತ್ತಿದ್ದಳು. ಗಂಡ ಕೆಲಸದ ಮೇಲೆ ಪರ ಊರಿಗೆ ಹೋದಾಗಲೆಲ್ಲ ಅಕ್ಕನ ಮನೆಗೆ ಬಂದು ಇರುವುದು ಅವಳ ರೂಢಿ. ಅಕ್ಕ ಹೇಳಿದ್ದನ್ನೆಲ್ಲ ಕೇಳಿ, ಕೈಯಲ್ಲಿದ್ದ ದಿಂಬಿನ ಚೀಲವನ್ನು ತೊಡೆಯ ಮೇಲಿಟ್ಟಳು.

"ಅಂದ್ರೆ ನೀನೇ ನಿನ್ನ ಕಾಲಿಗೆ ಕೊಡಲಿ ಹಾಕ್ಕೊಂಡೆ."

"ಕೆಲಸ ಅದು. ಸುಳ್ಳು ಹೇಳೋಕಾಗುತ್ತಾ?"

"ಕೆಲಸದ ಮಾತಲ್ಲ ನಾನಾಡ್ತಿರೋದು. ಆ ಕಂಪನಿಯಲ್ಲಿ ಎಲ್ಲರೂ ನಿನ್ನ ಏನಂತ ಕರೀತಾರೆ?"

"ಅಕ್ಕ ಅಂತ."

"ಆ ರವಾನೆಯವರು?"

ಅವಳು ರಾಶಿಯಿಂದ ಒಂದು ಟವೆಲು ಎತ್ತಿಕೊಂಡಳು.

"ನಿನಗಿಂತ ವಯಸ್ಸಾದ ದೊಡ್ಡ ಯಜಮಾನರೂ ಅಕ್ಕ ಅಂತಾರೆ. ಅವರೊಬ್ಬರು ಮಾತ್ರ ಮೇಡಂ. ಒಂಬತ್ತು ವರ್ಷದಲ್ಲಿ ಒಂದು ಸಲ ಬಾಯಿ ತಪ್ಪಿ ಕೂಡ ಅಕ್ಕ ಅಂದಿಲ್ಲ. ಊರವರ ಸರ್ವರ್ ಉಸಿರಾಡೋದೆಲ್ಲ ನಿನಗೆ ಕೇಳುತ್ತೆ, ಇದು ಕೇಳಲ್ಲ."

"ಮರ್ಯಾದೆಗೆ ಮೇಡಂ ಅಂತಾರೆ."

"ಹೂಂ. ಮರ್ಯಾದೆಗೆ," ಎಂದು ತಂಗಿ ದಿಂಬಿನ ಚೀಲವನ್ನು ಮತ್ತೆ ಮಡಚತೊಡಗಿದಳು. ಅದು ಆಗಲೇ ಮಡಚಿ ಆಗಿತ್ತು.

ಕೆಲಸ ಒಂದೂವರೆ ತಿಂಗಳು ಹಿಡಿಯಿತು. ಹೊಸ ವ್ಯವಸ್ಥೆಯಲ್ಲಿ ಒಬ್ಬೊಬ್ಬರ ಪೆಟ್ಟಿಗೆಗೂ ಐವತ್ತು ಜಿಬಿ ಜಾಗ. ಒಂದೊಂದಾಗಿ ಎಲ್ಲರ ಪತ್ರಗಳನ್ನೂ ಅಲ್ಲಿಗೆ ಸಾಗಿಸಿದಳು. ಆಮೇಲೆ ಎರಡು ವಾರ ಹೊಸದೂ ಹಳೆಯದೂ ಜೊತೆಯಲ್ಲೇ ಓಡಬೇಕು. ವಿಳಾಸ ಬದಲಾದದ್ದು ಗೊತ್ತಿಲ್ಲದ ಯಾವುದೋ ದೂರದ ಯಂತ್ರ ಹಳೆಯ ಬಾಗಿಲಿಗೇ ಬಂದು ತಟ್ಟಬಹುದು. ಹಾಗಾಗಿ ಅಲ್ಲಿ ಯಾರಾದರೂ ಇರಬೇಕು. ಆ ಎರಡು ವಾರವನ್ನು ಅವಳು ಮೂರು ಮಾಡಿದಳು. ಕಡೆಗೆ ಚಿಕ್ಕ ಯಜಮಾನರೇ ಕೇಳಿದರು. ಇನ್ನು ತಡೆಯುವಂತಿರಲಿಲ್ಲ. ಹಳೆಯದನ್ನು ನಿಲ್ಲಿಸುವುದು ಶುಕ್ರವಾರಕ್ಕೆ ನಿಶ್ಚಯವಾಯಿತು. ಅದು ತಿಂಗಳ ಮೂರನೆಯ ಶುಕ್ರವಾರವಾಗಿತ್ತು.

ಗುರುವಾರ ಮನೆಯಲ್ಲಿ ಕುಳಿತು ಕೊನೆಯ ಲೆಕ್ಕ ತಾಳೆ ನೋಡುತ್ತಿದ್ದಳು: ಹಳೆಯ ಪೆಟ್ಟಿಗೆಯಲ್ಲಿ ಎಷ್ಟು ಪತ್ರ, ಹೊಸದರಲ್ಲಿ ಎಷ್ಟು. ಎಲ್ಲ ಸರಿಯಾಗಿತ್ತು. ಕೊನೆಗೆಂದು ಉಳಿಸಿಕೊಂಡಿದ್ದ ರವಾನೆಯವರ ಹೊಸ ಪೆಟ್ಟಿಗೆ ತೆಗೆದಾಗ ಸಂಜೆ ನಾಲ್ಕೂವರೆ. ಬೆಳಗಿನ ಎಣಿಕೆಗಿಂತ ಇಪ್ಪತ್ತು ಪತ್ರ ಹೆಚ್ಚಿತ್ತು. ಇಪ್ಪತ್ತೂ ಆಗಷ್ಟೇ ಬಂದಿದ್ದವು, ನಾಲ್ಕು ಗಂಟೆ ಹತ್ತು ನಿಮಿಷಕ್ಕೆ. ಅವರಿಂದ ಅವರಿಗೇ. ವಿಷಯ: ಪರೀಕ್ಷೆ. ಪ್ರತಿಯೊಂದಕ್ಕೂ ಒಂದೇ ಚಿತ್ರ ಲಗತ್ತು, ಹದಿನೆಂಟು ಎಂಬಿಯದು. ಯಾವುದೋ ಲಾರಿ ತೂಗುವ ಯಂತ್ರ.

ಅವಳು ಯಾವ ಸರ್ವರ್‌ನ ದಿನಚರಿಯನ್ನೂ ಅಳಿಸಿದವಳಲ್ಲ. ಎಷ್ಟು ಹೊತ್ತಿಗೆ ಯಾರಿಂದ ಯಾರಿಗೆ ಏನು ಹೋಯಿತು ಎಂಬ ಸಾಲುಗಳೆಲ್ಲ ವರ್ಷವರ್ಷದ್ದೂ ಹಾಗೇ ಇದ್ದವು. ಇದ್ದರೂ ಈ ಒಂದು ಪೆಟ್ಟಿಗೆಯ ಸಾಲುಗಳನ್ನು ಅವಳು ಬಿಚ್ಚಿ ನೋಡಿರಲಿಲ್ಲ. ಈಗ ಬಿಚ್ಚಿದಳು. ಹೋದ ತಿಂಗಳು, ಮೂರನೆಯ ಶುಕ್ರವಾರದ ಹಿಂದಿನ ದಿನ, ನಾಲ್ಕು ಹತ್ತು: ಇಪ್ಪತ್ತು ಪತ್ರ. ಅದರ ಹಿಂದಿನ ತಿಂಗಳು, ನಾಲ್ಕು ಹತ್ತು. ಅದರ ಹಿಂದೆ. ಅದರ ಹಿಂದೆ. ಅಪ್ಪನ ಓದಿನಲ್ಲಿ ಪ್ರತಿ ಪದ್ಯದ ಕೊನೆಗೂ ಅದೇ ಸಾಲು ಮರಳಿ ಬರುವ ಹಾಗೆ, ಎಂಟು ವರ್ಷ ಪೂರ್ತಿ ಅದೊಂದೇ ಸಾಲು. ಎರಡೇ ತಿಂಗಳು ಬಿಟ್ಟುಹೋಗಿತ್ತು, ಅವರು ಕಾಮಾಲೆ ಹಿಡಿದು ಮಲಗಿದ್ದಾಗ.

ಹೊಸ ಪೆಟ್ಟಿಗೆ ಎಷ್ಟು ತುಂಬಿದೆ ಎಂದು ತೋರಿಸುವ ಪಟ್ಟಿಯನ್ನು ನೋಡಿದಳು. ಇಪ್ಪತ್ತು ಪತ್ರ ಬಿದ್ದರೂ ಅದು ಉಗುರಿನಷ್ಟೂ ಸರಿದಿರಲಿಲ್ಲ.

ಆರು ಗಂಟೆಯ ತನಕ ಫೋನಿನ ಪಕ್ಕದಲ್ಲೇ ಕುಳಿತಿದ್ದಳು. ತಂಗಿ ಎರಡು ಸಲ ಬಂದು ನೋಡಿಹೋದಳು. ಫೋನು ಬರಲಿಲ್ಲ. ಏನೆಂದು ಬಂದೀತು? ಏನೂ ನಿಂತಿರಲಿಲ್ಲ, ಏನೂ ತುಂಬಿರಲಿಲ್ಲ.

ಶುಕ್ರವಾರ ಹನ್ನೊಂದಕ್ಕೆ ಹೋದಳು. ಸ್ಟೂಲಿನ ಮೇಲೆ ಕುಳಿತು ಕಣ್ಣು ಮುಚ್ಚಿದಳು. ಹೊರಗೆ ಸುತ್ತಿಗೆಗಳು ನಿಂತವು. ಯಂತ್ರ ಗುಂಯ್‌ಗುಟ್ಟಿತು, ಟಿಕ್ ಎಂದಿತು, ಮತ್ತೆ ಗುಂಯ್‌ಗುಟ್ಟಿತು. ಐದು ನಿಮಿಷ ತುಂಬಿದ ಮೇಲೆ ಎದ್ದು ಅದನ್ನು ಆರಿಸಿದಳು. ಒಳಗಿನ ಫ್ಯಾನು ಸುತ್ತಿ ಸುತ್ತಿ ನಿಧಾನವಾಯಿತು. ಆಮೇಲೆ ಆ ಕೋಣೆಯಲ್ಲಿ ಅವಳು ಎಂದೂ ಕೇಳಿರದಂಥ ಮೌನ.

ಅವರು ಬಾಗಿಲಲ್ಲಿ ನಿಂತಿದ್ದರು. ಇಷ್ಟು ವರ್ಷ ಇಬ್ಬರ ನಡುವೆ ಆ ಸದ್ದೊಂದಿತ್ತು. ಹೇಳದ ಮಾತನ್ನೆಲ್ಲ ಅದು ಮುಚ್ಚುತ್ತಿತ್ತು.

"ಮುಗೀತಾ?" ಎಂದರು.

"ಮುಗೀತು." ತಂತಿಯನ್ನು ಸುತ್ತುತ್ತಾ, ತಲೆಯೆತ್ತದೆ ಹೇಳಿದಳು: "ನಿನ್ನೆ ನಾಲ್ಕೂ ಹತ್ತಕ್ಕೆ ಇಪ್ಪತ್ತು ಪತ್ರ ಬಂದಿತ್ತು."

ಅವರ ಕಿವಿ ಕೆಂಪಾದದ್ದು ಓರೆಗಣ್ಣಿಗೆ ಕಂಡಿತು.

"ಐವತ್ತು ಜಿಬಿ ಅದು. ತಿಂಗಳಿಗೆ ಇಪ್ಪತ್ತರ ಹಾಗೆ ಹಾಕಿದ್ರೆ ತುಂಬೋಕೆ ಹನ್ನೊಂದು ವರ್ಷ ಏಳು ತಿಂಗಳು ಬೇಕು. ಲೆಕ್ಕ ಹಾಕಿ ನೋಡ್ದೆ."

"ನಾನೂ ಹಾಕಿದ್ದೆ," ಎಂದರು. "ಅದಕ್ಕೇ ಫೋನ್ ಮಾಡ್ಲಿಲ್ಲ."

ತಂತಿ ಅವಳ ಕೈಯಲ್ಲಿ ಗಂಟುಬಿತ್ತು.

"ಎಂಟು ವರ್ಷ ನನ್ನ ಬಸ್ಸಿನಲ್ಲಿ ಓಡಾಡಿಸಿದ್ರಿ," ಎಂದಳು. ಬೈಯಬೇಕೆಂದುಕೊಂಡಿದ್ದಳು, ದನಿ ಅದಕ್ಕೆ ಒಪ್ಪಲಿಲ್ಲ.

"ಓಡಾಡಿಸಿದ್ದು ನಾನೊಬ್ಬನೇನಾ ಮೇಡಂ?" ಅವರು ಮೆಲ್ಲಗೆ ಒಳಗೆ ಬಂದರು. "ಎರಡನೇ ವರ್ಷ ಮಾರಾಟದವರ ಪೆಟ್ಟಿಗೆ ತುಂಬಿತ್ತು, ನೆನಪಿದೆಯಾ? ನೀವು ಫೋನಿನಲ್ಲೇ ಸರಿಮಾಡಿದ್ರಿ. ಅವರು ನನ್ನ ಮೇಜಿನ ಪಕ್ಕ ನಿಂತೇ ಮಾತಾಡಿದ್ದು. ಒಂದು ಅಂಕಿ ಬದಲಿಸಿದ್ರಂತೆ, ಅಷ್ಟೇ. ಎರಡು ನಿಮಿಷ ಕೂಡ ಆಗ್ಲಿಲ್ಲ. ನನ್ನ ಪೆಟ್ಟಿಗೆ ತುಂಬಿದಾಗ ಮಾತ್ರ ನೀವೇ ಬಂದ್ರಿ."

ಅವಳ ಮುಖದ ಮೇಲೆ ಬಿಸಿ ಹರಿದಂತಾಯಿತು. ಸಿದ್ಧವಾಗಿಟ್ಟಿದ್ದ ಶಿಸ್ತಿನ ಉತ್ತರ ಎಲ್ಲಿ ಹೋಯಿತೋ.

"ಗೊತ್ತಿದ್ದೂ ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ಆ ಅಂಕಿ ಬದಲಿಸಿಬಿಡ್ತೀರಿ ಅನ್ನೋ ಹೆದರಿಕೆ."

ಅವಳು ನಕ್ಕಳು. ಎಷ್ಟು ಶುಕ್ರವಾರಗಳು. ಅವರ ಪಕ್ಕ ನಿಂತು, ಇದನ್ನು ಅಳಿಸಿ, ಇದನ್ನು ಉಳಿಸಿ ಎಂದದ್ದೆಲ್ಲ. ಹೆಗಲಿಗೂ ಹೆಗಲಿಗೂ ನಡುವೆ ಗೇಣುದ್ದದ ಜಾಗ ಬಿಟ್ಟು, ಆ ಗೇಣನ್ನು ಇಬ್ಬರೂ ಕಾಯ್ದುಕೊಂಡಿದ್ದರು. ಆಗಲೇ ಕೇಳಿದ್ದರೆ ಎಂದುಕೊಂಡಳು. ಆಗ ಅವಳ ತಲೆಯಲ್ಲಿ ಒಂದೂ ನರೆಗೂದಲಿರಲಿಲ್ಲ.

"ಮುಂದಿನ ಶುಕ್ರವಾರ ಬರ್ತೀರಾ?" ಎಂದರು.

"ಏನು ಕೆಟ್ಟಿದೆ ಅಂತ ಬರ್ಲಿ?"

"ಏನೂ ಕೆಟ್ಟಿಲ್ಲ. ಸುಮ್ಮನೆ ಬನ್ನಿ."

ಚೀಲಕ್ಕೆ ಎಲ್ಲವನ್ನೂ ತುಂಬಿ ಆಗಿತ್ತು. ಎತ್ತಿಕೊಂಡು ಹೊರಡುವುದಷ್ಟೇ ಬಾಕಿ. ಅವಳು ಚೀಲವನ್ನು ಕಪಾಟಿಗೆ ಒರಗಿಸಿ, ಮತ್ತೆ ಸ್ಟೂಲಿನ ಮೇಲೆ ಕುಳಿತಳು. ಕೇಳಲು ಈಗ ಯಂತ್ರವಿರಲಿಲ್ಲ. ಅವರ ಉಸಿರು ಮಾತ್ರ ಕೇಳುತ್ತಿತ್ತು, ಬಾಗಿಲಾಚೆಯಿಂದಲ್ಲ, ಇಲ್ಲೇ ಪಕ್ಕದಿಂದ.

ಹೊರಗಿನಿಂದ ಒಬ್ಬ ಕೂಗಿದ: "ಸಾರ್, ಮೊಳೆ ಹೊಡೀಬಹುದಾ? ಆಗ್ಲೇ ಹತ್ತು ನಿಮಿಷ ಆಯ್ತು."

ಅವರು ಅವಳ ಕಡೆ ನೋಡಿದರು. ಅವಳು ಕಣ್ಣು ಮುಚ್ಚಿದ್ದಳು.

"ಇನ್ನೊಂದು ಸ್ವಲ್ಪ ಹೊತ್ತು ತಡೀರಪ್ಪ," ಎಂದರು.